ಮಹಡಿ ಮನೆಯವಳ ಅರಬ್ಬಿ ಕಂಪ್ಯೂಟರು

ಮೊದಲು ಒಡೆದದ್ದು ನನ್ನ ಕಂಪ್ಯೂಟರು. ಒಡೆದವಳು ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ಸುಡಾನ್ ದೇಶದ ಹೆಂಗಸು. ಅವತ್ತು ಭಾನುವಾರ. ನಾನು ಕಾವಲಿಯ ಮೇಲೆ ದೋಸೆ ಹುಯ್ದು ನಿಂತಿದ್ದೆ. ಮೇಲೆ ಗೋಡೆಗೆ ಏನೋ ಬಡಿದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಸಲ, ಮೊದಲಿಗಿಂತ ಜೋರಾಗಿ. ಒಲೆ ಆರಿಸಿ ಮೆಟ್ಟಿಲ ಕಡೆ ಹೋಗುವಷ್ಟರಲ್ಲಿ ಅವಳೇ ಇಳಿದು ಬಂದಳು. ಕೈಯಲ್ಲಿದ್ದ ಲ್ಯಾಪ್‌ಟಾಪಿನ ಪರದೆ ಒಂದು ವೈರಿಗೆ ಜೋತುಬಿದ್ದಿತ್ತು. ಬೆರಳ ಗೆಣ್ಣು ಒಡೆದು ರಕ್ತ ಬರುತ್ತಿತ್ತು.

"ಅಕ್ಕ, ನಾನು ಹೊಡೆದೆ," ಎಂದಳು, ಕನ್ನಡದಲ್ಲೇ. "ಕೋಪ. ತುಂಬಾ ಕೋಪ. ಸಾರಿ."

ಬೈಯಬೇಕಾಗಿತ್ತು, ಬೈಯಲಾಗಲಿಲ್ಲ. ಕೋಪ ಅನ್ನುವ ಮಾತನ್ನು ಅವಳು ಕಲಿತದ್ದೇ ನನ್ನಿಂದ. ನಾನು ಸರ್ಕಾರಿ ಹೈಸ್ಕೂಲಿನ ಪಿ.ಟಿ. ಟೀಚರು. ಕಾಲೇಜಿನ ಕಾಲದಲ್ಲಿ ಕಬಡ್ಡಿ ಆಡಿದವಳು, ದನಿ ದೊಡ್ಡದು. ಕೆಂಪಾಪುರದ ನಮ್ಮ ಬೀದಿಯಲ್ಲಿ ನಾನು ಯಾರನ್ನು ಬೈದರೂ ಮಹಡಿಗೆ ಕೇಳಿಸುತ್ತದೆ.

ಅವಳು ಇಲ್ಲಿಗೆ ಬಂದದ್ದು ತಂದೆಯ ಹೃದಯದ ಆಪರೇಷನ್ನಿಗೆ. ಹೆಬ್ಬಾಳದ ಸುತ್ತಮುತ್ತಲಿನ ಆಸ್ಪತ್ರೆಗಳಿಗೆ ಅಂಥ ದೇಶಗಳಿಂದ ಬರುವವರು ಬಹಳ. ಹಾಗೆ ಬಂದವರು ನಮ್ಮಂಥವರ ಮನೆಗಳಲ್ಲಿ ಬಾಡಿಗೆಗಿದ್ದು, ವಾಸಿಯಾದ ಮೇಲೆ ಹೊರಟುಹೋಗುತ್ತಾರೆ. ಇವಳ ತಂದೆಗೆ ಆಪರೇಷನ್ ಆಗಿ ಇನ್ನೇನು ಹೊರಡಬೇಕು ಅನ್ನುವಾಗ ಅವಳ ಊರಿನಲ್ಲಿ ಯುದ್ಧ ಶುರುವಾಯಿತು. ವಿಮಾನ ನಿಂತಿತು. ತಮ್ಮನನ್ನು ಮನೆಯ ಬಾಗಿಲಲ್ಲೇ ನಿಲ್ಲಿಸಿ ಗುಂಡು ಹೊಡೆದರೆಂದು ಪಕ್ಕದ ಮನೆಯವರು ಫೋನ್ ಮಾಡಿ ಹೇಳಿದರು. ಆ ಸುದ್ದಿ ಕೇಳಿದ ಮೇಲೆ ಮುದುಕ ಹೆಚ್ಚು ದಿನ ಉಳಿಯಲಿಲ್ಲ. ಅವನನ್ನು ಇಲ್ಲೇ ಮಣ್ಣು ಮಾಡಿದರು.

ಊರಿನಲ್ಲಿ ಅವಳು ಪ್ರೈಮರಿ ಶಾಲೆಯ ಟೀಚರು. ಆ ಶಾಲೆಯ ಬೆಂಚುಗಳನ್ನು ಬಂದೂಕಿನವರು ಒಡೆದು ಸೌದೆ ಮಾಡಿಕೊಂಡರಂತೆ. ಮಕ್ಕಳು ಚೆಲ್ಲಾಪಿಲ್ಲಿಯಾಗಿ ಒಂದೊಂದು ದೇಶದಲ್ಲಿ ಒಂದೊಂದು ಮಗು. ಅವರನ್ನೆಲ್ಲ ಫೋನಿನಲ್ಲಿ ಒಟ್ಟುಮಾಡಿಕೊಂಡು ನಮ್ಮ ಮಹಡಿಯಲ್ಲಿ ಕೂತು ಪಾಠ ಮಾಡುತ್ತಿದ್ದಳು. ಫೋನಿನಲ್ಲಿ ಕಣ್ಣು ಹೋಗುತ್ತಿದೆ ಎಂದಾಗ, ಮಗಳು ಮದುವೆಯಾಗಿ ಹೋಗುವಾಗ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪ್ ಕೊಟ್ಟಿದ್ದೆ. ಅದರಲ್ಲಿ ಅವಳ ಅಕ್ಷರ ಸರಿಯಾಗಿ ಮೂಡುತ್ತಿರಲಿಲ್ಲ. ಕೀಲಿಗಳ ಮೇಲೆ ಬರೀ ಇಂಗ್ಲಿಷ್. ಯಾವುದು ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಮಕ್ಕಳು ಗಲಾಟೆ ಮಾಡುತ್ತಿದ್ದವು.

"ನಮ್ಮ ಅಕ್ಷರ ಒಂದನ್ನೊಂದು ಹಿಡ್ಕೊಂಡಿರುತ್ತೆ ಅಕ್ಕ," ಎಂದು ಇಂಗ್ಲಿಷು ಕನ್ನಡ ಬೆರೆಸಿ ವಿವರಿಸಿದಳು. "ಈ ಮಿಷನ್ ಕಟ್ ಮಾಡುತ್ತೆ. ತಮ್ಮನ ಹೆಸರು ಬರೆದೆ, ತುಂಡು ತುಂಡು. ಉಲ್ಟಾ. ನನಗೆ ಕೋಪ."

ಗೆಣ್ಣಿಗೆ ಅರಿಶಿನ ಹಚ್ಚಿ ಬಟ್ಟೆ ಕಟ್ಟಿದೆ. "ನಡಿ, ನಿನ್ನ ಭಾಷೆದೇ ತಗೊಳ್ಳೋಣ," ಎಂದೆ.

ಹೇಳಿದಷ್ಟು ಸುಲಭವಾಗಿರಲಿಲ್ಲ. ಶಾಪಿಂಗ್ ಮಾಲಿನ ದೊಡ್ಡ ಅಂಗಡಿಯಲ್ಲಿ ಟೈ ಕಟ್ಟಿದವನು, "ಎಲ್ಲಾ ಇಂಗ್ಲಿಷೇ ಮೇಡಂ, ಇಂಡಿಯಾದಲ್ಲಿ ಹಾಗೇ ಬರೋದು," ಎಂದ. ಇನ್ನೊಂದು ಕಡೆ ಕೀಲಿಗಳ ಮೇಲೆ ಅಂಟಿಸುವ ಸ್ಟಿಕ್ಕರ್ ತೋರಿಸಿದರು. ಅವಳು ಉಗುರಿನಿಂದ ಕೆರೆದಳು, ಕಿತ್ತುಬಂತು. ಕೊನೆಗೆ ಆರ್.ಟಿ. ನಗರದ ಒಳರಸ್ತೆಯಲ್ಲಿ, ಮನೆಯಲ್ಲಿ ಉರ್ದು ಆಡುವ ಒಬ್ಬ ಸಾಹೇಬರ ಹಳೆ ಕಂಪ್ಯೂಟರ್ ಅಂಗಡಿ ಸಿಕ್ಕಿತು. ಕೊಲ್ಲಿ ದೇಶದ ಆಫೀಸುಗಳಲ್ಲಿ ಬಳಸಿ ಬಿಟ್ಟ ಮಾಲು ಅವರ ಹತ್ತಿರ ಬರುತ್ತಿತ್ತು. ಕೀಲಿಗಳ ಮೇಲಿನ ಆ ಅರಬ್ಬಿ ಅಕ್ಷರಗಳಿಂದಾಗಿಯೇ ಅವು ಮಾರಾಟವಾಗದೆ ಮೂಲೆಯಲ್ಲಿ ಬಿದ್ದಿದ್ದವು.

ಒಂದನ್ನು ಒರೆಸಿ ತಂದಿಟ್ಟು ಆನ್ ಮಾಡಿದರು. ಎಲ್ಲವೂ ಕನ್ನಡಿಯಲ್ಲಿ ಕಂಡ ಹಾಗೆ. ನಮ್ಮಲ್ಲಿ ಎಡಗಡೆ ಇರುವುದೆಲ್ಲ ಅಲ್ಲಿ ಬಲಗಡೆ. ಸಾಹೇಬರು ಮೊದಲ ಸಾಲನ್ನು ಜೋರಾಗಿ ಓದಿದರು. ಅವಳಿಗೆ ಆಶ್ಚರ್ಯ. "ನಿಮಗೆ ಅರಬ್ಬಿ ಬರುತ್ತಾ?"

"ಓದಕ್ ಬರುತ್ತೆ, ಅರ್ಥ ಆಗಲ್ಲ," ಎಂದು ಅವರು ನಕ್ಕರು. "ಚಿಕ್ಕೋನಿದ್ದಾಗ ಕುರಾನ್ ಓದಕ್ ಕಲ್ಸಿದ್ರು, ಅಷ್ಟೇ."

ಅವಳು ಸ್ಟೂಲಿನ ಮೇಲೆ ಕೂತು ಟೈಪ್ ಮಾಡಿದಳು. ಬೆರಳಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಬಿಸಾಕಿದ್ದಳು. ಕೀಲಿಗಳನ್ನು ನೋಡದೆಯೇ ಬರೆಯುತ್ತ ಹೋದಳು, ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡು ಬಲದಿಂದ ಎಡಕ್ಕೆ ಓಡಿದವು. ಏನು ಬರೆದೆ ಎಂದು ಕೇಳಿದೆ. ತಮ್ಮನ ಬಗ್ಗೆಯೋ ಊರಿನ ಬಗ್ಗೆಯೋ ಇರಬೇಕು ಎಂದುಕೊಂಡಿದ್ದೆ.

"ಮೂರನೇ ಕ್ಲಾಸ್ ಪಾಠ," ಎಂದಳು. "ಕತ್ತೆ ನೀರು ಕುಡಿಯಿತು. ಕತ್ತೆ ಮನೆಗೆ ಹೋಯಿತು."

ಸಾಹೇಬರು ನನ್ನ ಕಡೆ ತಿರುಗಿ, "ನಿಮ್ಗೂ ಒಂದ್ ಕೊಡ್ಲಾ ಮೇಡಂ? ಕನ್ನಡದ ಕೀ ಇರೋದು?" ಎಂದರು. ಇದೆಯಾ ಎಂದೆ. "ಇಲ್ಲ. ಇಷ್ಟ್ ವರ್ಷದಲ್ಲಿ ಯಾರೂ ಕೇಳೇ ಇಲ್ಲ, ಅದ್ಕೇ ತಮಾಷೆಗಂದೆ," ಎಂದರು. ಶಾಲೆಯ ಅಂಕಪಟ್ಟಿಯನ್ನು ನಾನು ಇಂಗ್ಲಿಷಿನ ಕೀಲಿಗಳಲ್ಲಿ ಕನ್ನಡ ಹುಡುಕುತ್ತ ತುಂಬಿಸುವವಳು. ನನಗೂ ಕೇಳಬೇಕು ಎಂದು ಯಾವತ್ತೂ ಅನ್ನಿಸಿರಲಿಲ್ಲ.

ಕಂಪ್ಯೂಟರನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಆಟೋದಲ್ಲಿ ಬಂದೆವು. ದಾರಿಯುದ್ದಕ್ಕೂ ಅವಳು ಚೀಲವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ನಮ್ಮ ರಸ್ತೆಯನ್ನು ಪೈಪು ಹೂಳಲು ಅಗೆದಿದ್ದರಿಂದ ಆಟೋದವನು ಮೇನ್ ರೋಡಿನಲ್ಲೇ ಇಳಿಸಿದ. ಜೆಸಿಬಿ ಮಣ್ಣು ಎತ್ತಿ ಎತ್ತಿ ಪಕ್ಕಕ್ಕೆ ಸುರಿಯುತ್ತಿತ್ತು. ಗಂಡನ ಶುಗರ್ ಮಾತ್ರೆ ಮುಗಿದಿದ್ದು ನೆನಪಾಗಿ ನಾನು ಮೆಡಿಕಲ್ ಅಂಗಡಿಯ ಮುಂದೆ ನಿಂತೆ. "ನೀನು ನಡೀತಿರು, ಬಂದೆ," ಎಂದೆ.

ಆ ವಾರ ಎಲ್ಲರ ಫೋನಿಗೂ ಒಂದು ವಿಡಿಯೋ ಬಂದಿತ್ತು. ಹೊರಗಿನಿಂದ ಬಂದ ಹೆಂಗಸರು ಮಕ್ಕಳನ್ನು ಕದ್ದೊಯ್ಯುತ್ತಾರೆ, ಹುಷಾರು ಅಂತ. ಯಾವ ಊರಿನದೋ, ಯಾವ ಕಾಲದ್ದೋ. ನಮ್ಮ ಸ್ಟಾಫ್ ರೂಮಿನಲ್ಲೂ ನೋಡಿದ್ದರು. ನಾನು ಅಳಿಸಿ ಹಾಕಿ ಮರೆತಿದ್ದೆ.

ಅಲ್ಲಿ ನಡೆದದ್ದು ನನಗೆ ಪೂರ್ತಿಯಾಗಿ ತಿಳಿದದ್ದು ಆಮೇಲೆ. ಅಗೆದ ಗುಂಡಿಯ ಅಂಚಿನಲ್ಲಿ ಒಂದು ಪುಟ್ಟ ಹುಡುಗಿ ಬಗ್ಗಿ ಜೆಸಿಬಿ ನೋಡುತ್ತಿತ್ತಂತೆ. ಕಾಲ ಕೆಳಗಿನ ಮಣ್ಣು ಕುಸಿಯಿತು. ಇವಳು ಓಡಿಹೋಗಿ ಮಗುವಿನ ಎರಡೂ ತೋಳು ಹಿಡಿದು ಹಿಂದಕ್ಕೆ ಎಳೆದಳು. ಮಗು ಹೆದರಿ ಕಿಟಾರನೆ ಕಿರುಚಿತು. ಬೈಕಿನಲ್ಲಿ ಹೋಗುತ್ತಿದ್ದ ಯಾರೋ ಒಬ್ಬ, "ಏಯ್, ಮಗು ಎತ್ಕೊಂಡ್ ಓಗ್ತಾವ್ಳೆ, ಇಡ್ಕಳ್ರೋ!" ಎಂದು ಕೂಗಿದ.

ನನಗೆ ಕೇಳಿಸಿದ್ದು ಆ ಕೂಗು. ಮಾತ್ರೆ ಅಲ್ಲೇ ಬಿಟ್ಟು ಓಡಿದೆ. ಅಷ್ಟರಲ್ಲಿ ಜನ ಸುತ್ತುಗಟ್ಟಿದ್ದರು. ಅವಳು ಸೀರೆಯ ಹಾಗೆ ಮೈಗೆ ಸುತ್ತಿಕೊಳ್ಳುವ ಉದ್ದನೆಯ ಬಟ್ಟೆಯನ್ನು ಒಬ್ಬ ಕೊರಳಿಗೆ ಬಿಗಿಯಾಗುವಂತೆ ಎಳೆದು ಹಿಡಿದಿದ್ದ. ಹೆಂಗಸರೂ ಇದ್ದರು. ಒಬ್ಬಳು ಚಪ್ಪಲಿಯಿಂದ ಅವಳ ಬೆನ್ನಿಗೆ ಬಾರಿಸುತ್ತಿದ್ದಳು. ಕೊರಳಿನ ಬಟ್ಟೆ ಹಿಡಿದಿದ್ದವನ ಮುಖ ಕಂಡಿತು. ಅವನು ನನ್ನ ಮೈದುನ. ನನ್ನ ಗಂಡನ ಸ್ವಂತ ತಮ್ಮ, ಪಕ್ಕದ ಮನೆಯವನು.

ನನಗೆ ಸಮಾಧಾನವೇ ಆಯಿತು. ಇವನಿದ್ದಾನಲ್ಲ, ಇವನಿಗೆ ಅವಳು ಯಾರು ಅಂತ ಗೊತ್ತು. ಬಿಡಿಸುತ್ತಾನೆ. "ಬಿಡೋ ಅವಳನ್ನ! ನಮ್ಮನೆಯವಳು ಕಣೋ!" ಎಂದು ಕೂಗಿದೆ.

ಅವನು ನನ್ನ ಕಡೆ ನೋಡಿದ. ನನ್ನನ್ನೇ ನೋಡಿದ, ಅದರಲ್ಲಿ ನನಗೆ ಅನುಮಾನವಿಲ್ಲ. ನೋಡಿ ಮುಖ ತಿರುಗಿಸಿದ. ಅವಳ ಚೀಲ ಕಿತ್ತುಕೊಂಡು ಒಳಗಿದ್ದ ಕಂಪ್ಯೂಟರನ್ನು ಹೊರಗೆ ತೆಗೆದು, ಮುಚ್ಚಳ ಅಗಲಿಸಿ ಜನರ ಮುಂದೆ ಎತ್ತಿ ಹಿಡಿದ. "ನೋಡ್ರೋ! ಇದ್ಯಾವ್ ಬಾಸೆ ನೋಡ್ರೋ! ಎಲ್ಲಾ ಇದ್ರಾಗೇ ಐತೆ!" ಎಂದ. ಜನ ಹೋ ಎಂದರು. ಅವನು ಎರಡೂ ಕೈಯಲ್ಲಿ ಅದನ್ನು ಮೇಲೆತ್ತಿ ಅವಳ ತಲೆಗೆ ಬಡಿದ.

ಅವಳು ಮೊಣಕಾಲೂರಿ ಕುಸಿದಳು. ಹಣೆಯ ಮೇಲಿನಿಂದ ರಕ್ತ ಇಳಿದು ಕಣ್ಣು ತುಂಬಿಕೊಂಡಿತು. ಅವನು ಮತ್ತೆ ಎತ್ತಿದ.

ಆಮೇಲೆ ನಾನು ಯೋಚಿಸಿ ಮಾಡಿದ್ದು ಏನೂ ಇಲ್ಲ. ಜನರ ಕಾಲುಗಳ ನಡುವೆ ನುಗ್ಗಿ ಅವನ ಹಿಮ್ಮಡಿಗೆ ಕೈ ಹಾಕಿದೆ. ಅವನು ಮುಗ್ಗರಿಸಿ ಮಣ್ಣಿನ ಗುಡ್ಡೆಯ ಮೇಲೆ ಬಿದ್ದ. ಬಲಗೈಯನ್ನು ಹಿಡಿದು, ಬೆನ್ನ ಹಿಂದಕ್ಕೆ ತಂದು, ನನ್ನ ಮೈಭಾರವನ್ನೆಲ್ಲ ಹಾಕಿ ತಿರುಚಿದೆ. ಮಣಿಕಟ್ಟು ಹಸಿ ನುಗ್ಗೆಕಾಯಿ ಮುರಿದ ಹಾಗೆ ಲಟಕ್ಕೆಂದಿತು. ಅವನು ಕಿರುಚಿದ. ನಾನು ಬಿಡಲಿಲ್ಲ. ಇನ್ನೂ ಸ್ವಲ್ಪ ತಿರುಚಿದೆ.

"ಟೀಚ್ರು ಅವಳ ಕಡೆಯವಳೇ ಕಣ್ರೋ, ಆಕ್ರೋ ಇವಳ್ಗೂ!" ಎಂದಿತು ಒಂದು ದನಿ. ಜಡೆ ಹಿಡಿದು ಎಳೆದರು. ಬೆನ್ನ ಮೇಲೆ, ಪಕ್ಕೆಯ ಮೇಲೆ ಒದೆ ಬಿತ್ತು. ಒಬ್ಬನ ಕೈ ನನ್ನ ಬಾಯಿಯ ಹತ್ತಿರ ಬಂತು, ಕಚ್ಚಿದೆ. ಬಾಯಲ್ಲಿ ಉಪ್ಪುಪ್ಪು ರಕ್ತ ಬಂತು, ಅದು ಅವನದೋ ನನ್ನದೋ. ತೆವಳಿಕೊಂಡು ಹೋಗಿ ಅವಳ ಮೇಲೆ ಬಿದ್ದೆ. ನನ್ನ ಕೆಳಗೆ ಅವಳ ಎದೆ ಡವಡವ ಬಡಿದುಕೊಳ್ಳುತ್ತಿತ್ತು. ಏನೋ ಹೇಳುತ್ತಿದ್ದಳು, ಅವಳ ಭಾಷೆಯಲ್ಲಿ. ದೇವರನ್ನು ಕರೆಯುತ್ತಿದ್ದಳೋ, ಅವರನ್ನು ಶಪಿಸುತ್ತಿದ್ದಳೋ ತಿಳಿಯಲಿಲ್ಲ. ಇವತ್ತು ನಾವಿಬ್ಬರೂ ಇಲ್ಲೇ, ನಮ್ಮ ಮನೆಯ ಗೇಟು ಕಾಣುವ ಜಾಗದಲ್ಲೇ ಸಾಯುತ್ತೇವೆ ಅಂತ ನನಗೆ ಖಾತ್ರಿಯಾಗಿತ್ತು.

ಉಳಿಸಿದವನು ಜೆಸಿಬಿಯವನು. ಇಂಜಿನ್ನು ಗುರ್ರೆಂದಿತು. ಅವನು ಅದರ ಉದ್ದನೆಯ ಕೈಯನ್ನು ಮಣ್ಣು ತುಂಬಿದಂತೆಯೇ ಈ ಕಡೆಗೆ ತಿರುಗಿಸಿ, ಜನರ ಹಿಂದೆಯೇ ಧೊಪ್ಪೆಂದು ಸುರಿದ. ಮತ್ತೆ ಎತ್ತಿ ಅವರ ತಲೆಯ ಮೇಲೆಯೇ ತಂದು ನಿಲ್ಲಿಸಿದ. ಜನ ದಿಕ್ಕಾಪಾಲಾಗಿ ಓಡಿದರು. "ಆ ಯಮ್ಮ ಮಗೂನ ಉಳ್ಸಿದ್ದು ಕಣ್ರೋ ಬೇವರ್ಸಿಗಳಾ! ಮೇಲಿಂದ ನಾನ್ ನೋಡಿದ್ದೀನಿ!" ಎಂದು ಕೂತಲ್ಲಿಂದಲೇ ಬೈದ. ಆ ಹೊತ್ತಿಗೆ ಮಗುವಿನ ತಾಯಿಯೂ ಬಂದಳು. ಮಗು ಗುಂಡಿ ತೋರಿಸಿ ಅಳುತ್ತ ಹೇಳಿದ್ದನ್ನು ಕೇಳಿ ಅವಳು ತಲೆಯ ಮೇಲೆ ಕೈಹೊತ್ತು ಅಲ್ಲೇ ಕೂತಳು.

ಆಸ್ಪತ್ರೆಯಲ್ಲಿ ಅವಳ ತಲೆಗೆ ಹೊಲಿಗೆ ಹಾಕಿದರು. ನನ್ನ ಪಕ್ಕೆಲುಬು ಬಿರುಕು ಬಿಟ್ಟಿತ್ತು. ಉಸಿರು ಎಳೆದುಕೊಂಡಾಗಲೆಲ್ಲ ಒಳಗೆ ಚುಚ್ಚುತ್ತಿತ್ತು. ಅದೇ ಆಸ್ಪತ್ರೆಯ ಇನ್ನೊಂದು ಕೋಣೆಯಲ್ಲಿ ನನ್ನ ಮೈದುನನ ಕೈಗೆ ಪಟ್ಟಿ ಹಾಕುತ್ತಿದ್ದರು. ಅವನ ನರಳಾಟ ನನಗೆ ಕೇಳಿಸುತ್ತಿತ್ತು.

ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಕೆಲಸದ ಬಟ್ಟೆಯಲ್ಲೇ ಓಡಿಬಂದವರು ಮೊದಲು ನನ್ನ ಕಡೆ, ಆಮೇಲೆ ಆ ಕೋಣೆಯ ಕಡೆ ನೋಡಿದರು. ಮನೆಗೆ ಬಂದ ಮೇಲೆ, "ಕಂಪ್ಲೇಂಟ್ ಬ್ಯಾಡ ಕಣೇ," ಎಂದರು. "ಅವ್ನು ನನ್ ತಮ್ಮ. ಗುಂಪಲ್ಲಿ ಗೊತ್ತಾಗ್ದೆ ಒಡ್ದವ್ನೆ. ನೀನೂ ಕೈ ಮುರ್ದಿದ್ದೀಯಲ್ಲ, ಅಲ್ಲಿಗಲ್ಲಿಗೆ ಆಯ್ತು."

"ಗೊತ್ತಾಗದೆ ಹೊಡೆದಿಲ್ಲ. ನೀವೇ ಕರೆಸಿ ಕೇಳಿ," ಎಂದೆ.

ಮಾರನೆಯ ದಿನ ಸಂಜೆ ಮೈದುನನೇ ಬಂದ, ರಾಜಿ ಮಾತಾಡಲು. ಮಹಡಿ ಮನೆಯ ಮೇಲೆ ಅವನಿಗೆ ಮೊದಲಿನಿಂದಲೂ ಕಣ್ಣು. ಸೈಟು ಮಾರಿಸುವ ತನ್ನ ವ್ಯವಹಾರಕ್ಕೆ ಅಲ್ಲಿ ಆಫೀಸು ಮಾಡಬೇಕೆಂದು ಕೇಳಿದ್ದ, ನಾನು ಕೊಟ್ಟಿರಲಿಲ್ಲ. ಕೊರಳಿಗೆ ನೇತುಹಾಕಿದ ಕೈಯೊಂದಿಗೆ ಸೋಫಾದಲ್ಲಿ ಕೂತು, "ಅತ್ಗೆ, ಅಣ್ಣನ ಮಕ ನೋಡಿ ಸುಮ್ನಿದ್ದೀನಿ. ಇಲ್ಲಾಂದ್ರೆ ನಾನೂ ಕೇಸ್ ಆಕ್ಬೋದಿತ್ತು," ಎಂದ.

"ಒಂದೇ ಒಂದು ಹೇಳು," ಎಂದೆ. "ಅವಳು ಯಾರು ಅಂತ ನಿನಗೆ ಗೊತ್ತಿರಲಿಲ್ವಾ?"

ಅವನು ಅಣ್ಣನ ಕಡೆ ನೋಡಿದ. ಸುಳ್ಳು ಹೇಳಬಹುದಾಗಿತ್ತು. ನನ್ನ ಗಂಡ ಅದನ್ನೇ ಕಾಯುತ್ತಿದ್ದರು, ಒಂದು ಸುಳ್ಳು ಸಾಕಾಗಿತ್ತು ಅವರಿಗೆ.

"ಗೊತ್ತಿತ್ತು," ಎಂದ. "ಗೊತ್ತಿದ್ರೇನೀಗ? ಎಲ್ಲಿಂದ್ಲೋ ಬಂದೋಳು. ಅಷ್ಟ್ ಜನ ಸೇರಿದ್ರು. ಯಾರಾದ್ರೂ ಮೊದ್ಲು ಒಡೀಲೇಬೇಕಿತ್ತಲ್ಲ."

ನನ್ನ ಗಂಡ ಜೋರಾಗಿ ಮಾತಾಡುವವರಲ್ಲ. ಮದುವೆಯಾದಾಗಿನಿಂದ ನನ್ನ ಮೇಲಾಗಲಿ ಮಗಳ ಮೇಲಾಗಲಿ ಕೈ ಎತ್ತಿದ್ದನ್ನು ನಾನು ಕಂಡಿಲ್ಲ. ಎದ್ದು ನಿಂತವರೇ ತಮ್ಮನ ಕೆನ್ನೆಗೆ ಬಾರಿಸಿದರು. ಅವನು ಎಡಗೈಯಲ್ಲಿ ಅಂಗಿ ಹಿಡಿದ. ಇಬ್ಬರೂ ಟೀವಿಯ ಮೇಲೆ ಬಿದ್ದರು, ಅದರ ಗಾಜು ನಡುಮನೆಯ ತುಂಬ ಚೆಲ್ಲಿತು. ಐವತ್ತು ದಾಟಿದ ಇಬ್ಬರು ಗಂಡಸರು ಗಾಜಿನ ಮೇಲೆ ಹೊರಳಾಡಿ ಒಬ್ಬರನ್ನೊಬ್ಬರು ಗುದ್ದಿದರು. "ಅಪ್ಪ ಇದ್ದಿದ್ರೆ ನಿನ್ನ ಊತ್ಬಿಡ್ತಿದ್ದ," ಎಂದು ಅಣ್ಣ ಅಳುತ್ತ ಹೊಡೆಯುತ್ತಿದ್ದರು. ತಮ್ಮ ಮುರಿದ ಕೈ ಹಿಡಿದುಕೊಂಡು ಕೂಗುತ್ತಿದ್ದ. ಪಕ್ಕೆ ನೋವಿನಿಂದ ನನಗೆ ಬಿಡಿಸಲಾಗಲಿಲ್ಲ. ನಿಜ ಹೇಳಬೇಕೆಂದರೆ, ಬಿಡಿಸುವ ಮನಸ್ಸೂ ಇರಲಿಲ್ಲ. ಓರಗಿತ್ತಿ ಬಂದು ತಮ್ಮನನ್ನು ಎಳೆದುಕೊಂಡು ಹೋದಳು. ಗಾಜು ಗುಡಿಸುತ್ತ ನನ್ನ ಗಂಡ, "ಕಂಪ್ಲೇಂಟ್ ಕೊಡು. ನಾನೂ ಬರ್ತೀನಿ," ಎಂದರು.

ಠಾಣೆಯಲ್ಲಿ ಅವಳ ಹೇಳಿಕೆ ಇಂಗ್ಲಿಷಿನಲ್ಲಿ ಎರಡು ಸಾಲಾಯಿತು. ಹೊಡೆದರು. ಬಿದ್ದೆ. ಅಲ್ಲಿದ್ದ ಸಬ್ ಇನ್‌ಸ್ಪೆಕ್ಟರ್ ಹೆಣ್ಣುಮಗಳು ಪೆನ್ನು ಕೆಳಗಿಟ್ಟು, "ನಿಮ್ಮ ಭಾಷೇಲೇ ಪೂರ್ತಿ ಬರ್ಕೊಡಿ ಮೇಡಂ. ಗೊತ್ತಿರೋರಿಂದ ಟ್ರಾನ್ಸ್‌ಲೇಟ್ ಮಾಡಿಸ್ತೀವಿ," ಎಂದಳು.

ಠಾಣೆಯವರು ಫೋಟೋ ಹಿಡಿದು ವಾಪಸ್ ಕೊಟ್ಟ ಒಡೆದ ಕಂಪ್ಯೂಟರನ್ನು ಹಿಡಿದು ಮತ್ತೆ ಆರ್.ಟಿ. ನಗರಕ್ಕೆ ಹೋದೆವು. ಪರದೆ ಪುಡಿಯಾಗಿತ್ತು, ಒಂದು ಮೂಲೆ ಒಳಕ್ಕೆ ಬಗ್ಗಿತ್ತು. ಸಾಹೇಬರು ಅದನ್ನು ನೋಡಿ, ಅವಳ ತಲೆಯ ಪಟ್ಟಿ ನೋಡಿ, ಶಟರ್ ಅರ್ಧ ಎಳೆದರು. ಬೇರೊಂದು ಪರದೆಗೆ ವೈರು ಚುಚ್ಚಿದರು. ಕೀಲಿಗಳು ಕೆಲಸ ಮಾಡುತ್ತಿದ್ದವು. ಅವುಗಳ ಸಂದಿನಲ್ಲಿ ಅವಳ ರಕ್ತ ಒಣಗಿತ್ತು. ಅದನ್ನು ಅವರು ಬ್ರಷ್ಷಿನಿಂದ ತೆಗೆಯಲು ಹೋದಾಗ, "ಇರಲಿ," ಎಂದಳು.

ಮೊದಲ ದಿನದ ಹಾಗೆ ಅಲ್ಲ, ಕುಟ್ಟುತ್ತ ಬರೆದಳು. ಸ್ಟೂಲು ಅಲುಗಾಡುವ ಹಾಗೆ. ತುಟಿ ಬಿಗಿದಿತ್ತು. ಒಂದು ಪುಟ ತುಂಬಿತು, ಇನ್ನೊಂದು. ಆ ಬೀದಿಯಲ್ಲಿ ಅವಳು ಕಂಡದ್ದೆಲ್ಲ ಅದರಲ್ಲಿತ್ತು ಎಂದು ಆಮೇಲೆ ತಿಳಿಯಿತು. ಯಾರ ಅಂಗಿ ಯಾವ ಬಣ್ಣ, ಯಾರು ಹಿಂದಿನಿಂದ ಬಂದರು, ಯಾರು ನಗುತ್ತಿದ್ದರು. ಅದು ಮುಗಿದ ಮೇಲೂ ನಿಲ್ಲಿಸದೆ ಅವಳು ತಮ್ಮನ ಸಾವನ್ನೂ ಬರೆದಿದ್ದಳು. ನಮ್ಮ ಪೊಲೀಸರಿಗೆ ಅದು ಬೇಡವಾಗಿತ್ತು. ಅವಳಿಗೆ ಬೇಕಾಗಿತ್ತು.

ಸಾಹೇಬರು ಅವಳ ಹಿಂದೆ ನಿಂತು ಸಣ್ಣ ದನಿಯಲ್ಲಿ ಅಕ್ಷರ ಕೂಡಿಸುತ್ತಿದ್ದರು. ಒಂದು ಪದಕ್ಕೆ ಬಂದು ತಡೆದರು. "ಜುಲ್ಮ್. ಇದ್ ನಂಗೊತ್ತು."

"ಜುಲುಮೆನಾ?" ಎಂದೆ ನಾನು.

ಅವಳು ತಿರುಗಿ ನಮ್ಮಿಬ್ಬರನ್ನೂ ನೋಡಿದಳು. "ನಿಮ್ಮಲ್ಲೂ ಇದೆಯಾ?"

"ಇದೆ," ಎಂದೆ. ಅವಳು ತಲೆಯಾಡಿಸಿ ಮತ್ತೆ ಕುಟ್ಟತೊಡಗಿದಳು.

ಅವಳೀಗ ಆರ್.ಟಿ. ನಗರದಲ್ಲೇ ಮನೆ ಮಾಡಿದ್ದಾಳೆ. ನಮ್ಮ ಬೀದಿಯಲ್ಲಿ ಇರಲಾರೆ ಎಂದಳು, ನಾನೂ ಇರು ಅನ್ನಲಿಲ್ಲ. ಆ ಕಂಪ್ಯೂಟರಿಗೆ ಬೇರೆ ಪರದೆ ಹಾಕಿಸಿಕೊಂಡು ಪಾಠ ನಡೆಸುತ್ತಾಳೆ. ಕೇಸು ಕೋರ್ಟಿನಲ್ಲಿದೆ. ಮೈದುನ ಜಾಮೀನಿನ ಮೇಲೆ ಹೊರಗಿದ್ದಾನೆ. ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿದೆ, ಗಾಡಿಯ ಆಕ್ಸಿಲರೇಟರ್ ತಿರುಗಿಸುವಾಗ ಅವನು ಹಲ್ಲು ಕಚ್ಚುವುದು ನಮ್ಮ ಜಗುಲಿಗೆ ಕಾಣುತ್ತದೆ. ಅಯ್ಯೋ ಪಾಪ ಅಂತ ನನಗೆ ಅನ್ನಿಸಿಲ್ಲ. ಅಣ್ಣ ತಮ್ಮ ಮಾತು ಬಿಟ್ಟಿದ್ದಾರೆ. ನನ್ನ ಗಂಡ ಹಬ್ಬದ ದಿನ ಸರಿಯಾಗಿ ಉಣ್ಣುವುದಿಲ್ಲ.

ಬೀದಿಯವರು ಮಾತ್ರ ಏನೂ ಆಗದವರ ಹಾಗೆ ಇದ್ದಾರೆ. ಊಟ ಆಯ್ತಾ ಟೀಚರ್ ಎನ್ನುತ್ತಾರೆ, ಆಯ್ತು ಎನ್ನುತ್ತೇನೆ. ಮೊನ್ನೆ ಕೆಳಗಿನ ತಿರುವಿನ ಮನೆಯವನು ತನ್ನ ಮಗಳ ಮದುವೆಗೆ ಕರೆಯಲು ಬಂದ. ಅವತ್ತಿನ ಗಲಾಟೆಯನ್ನು ಯಾರೋ ಫೋನಿನಲ್ಲಿ ತೆಗೆದಿದ್ದ ವಿಡಿಯೋ ಪೊಲೀಸರು ತೋರಿಸಿದಾಗ ನಾನು ಅದರಲ್ಲಿ ಅವನನ್ನು ಕಂಡಿದ್ದೆ. ನನ್ನ ಪಕ್ಕೆಗೆ ಒದೆಯುತ್ತಿದ್ದವರಲ್ಲಿ ಅವನೂ ಒಬ್ಬ. ತಟ್ಟೆಯಲ್ಲಿ ಎಲೆ ಅಡಿಕೆ, ಮೇಲೆ ಲಗ್ನಪತ್ರಿಕೆ ಇಟ್ಟು, "ಟೀಚರ್, ಮನೆಮಂದಿ ಎಲ್ಲಾ ಬರ್ಬೇಕು, ತಪ್ಪಿಸ್ಬಾರ್ದು," ಎಂದು ಎರಡೂ ಕೈ ಜೋಡಿಸಿದ.

ಕೂರಿಸಿ ನೀರು ಕೊಟ್ಟೆ. ಅವನು ಕುಡಿದು ಲೋಟ ಕೆಳಗಿಟ್ಟ ಮೇಲೆ ಕೇಳಿದೆ: "ಅವತ್ತು ನೀವು ನನ್ನ ಒದ್ದಿದ್ದು ಯಾವ ಕಾಲಲ್ಲಿ?"

ಅವನ ಮುಖ ಕಪ್ಪಿಟ್ಟಿತು. ಕಾಲುಗಳನ್ನು ಕುರ್ಚಿಯ ಕೆಳಕ್ಕೆ ಎಳೆದುಕೊಂಡ. "ಅದೆಲ್ಲಾ ಈಗ್ಯಾಕೆ ಟೀಚರ್," ಎಂದ.

"ಸುಮ್ನೆ ಕೇಳ್ದೆ. ಹೇಳಿ."

ಅವನು ಖಾಲಿ ಲೋಟ ಎತ್ತಿ ಮತ್ತೆ ಕೆಳಗಿಟ್ಟ. ಎದ್ದು ಚಪ್ಪಲಿ ಮೆಟ್ಟಿಕೊಂಡು ಗೇಟು ತೆಗೆದ. ನಾನು ಲಗ್ನಪತ್ರಿಕೆಯನ್ನು ತೆಗೆದಿಟ್ಟೆ. ಮದುವೆಗೆ ಹೋಗುವುದೋ ಬಿಡುವುದೋ ಇನ್ನೂ ತೀರ್ಮಾನ ಮಾಡಿಲ್ಲ. ಆ ಹುಡುಗಿ ನನ್ನ ಶಾಲೆಯಲ್ಲೇ ಓದಿದವಳು, ಓಟದಲ್ಲಿ ಯಾವಾಗಲೂ ಮುಂದೆ.